ನಲ್ಲಿ ಬಂದ ಮನೆಯಲ್ಲಿ ನೀರಿನ ಕಷ್ಟ ಎಷ್ಟು? ನಾಲ್ಕು ಪ್ರಶ್ನೆಯ ಸಮೀಕ್ಷೆ ಮಾಡುವ ಬಗೆ

ಪ್ರಶ್ನೆ: ಚಿಕ್ಕಮಗಳೂರು ಜಿಲ್ಲೆಯ ಸಣ್ಣ ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಕಡೂರು ತಾಲ್ಲೂಕಿನ ಒಂದು ಪಂಚಾಯಿತಿ, ಮೂಡಿಗೆರೆ ತಾಲ್ಲೂಕಿನ ಒಂದು ಪಂಚಾಯಿತಿ ನಮ್ಮ ಪಾಲಿಗೆ ಬಂದಿವೆ. ಎರಡರಲ್ಲೂ ಹೆಚ್ಚುಕಡಿಮೆ ಎಲ್ಲ ಮನೆಗೂ ನಲ್ಲಿ ಹಾಕಿಯಾಗಿದೆ ಎಂದು ದಾಖಲೆ ಹೇಳುತ್ತದೆ. ಗ್ರಾಮಸಭೆಗೆ ಹೋದರೆ ಮಾತ್ರ ನೀರಿನದೇ ಜಗಳ. ನಾಲ್ಕೇ ಪ್ರಶ್ನೆ ಕೇಳಿ ಮನೆಯ ನೀರಿನ ಅಭದ್ರತೆಯನ್ನು ಅಳೆಯುವ ವಿಧಾನ ಇದೆಯಂತೆ. ಅದನ್ನು ನಂಬಬಹುದೇ? ಯಾರನ್ನು, ಯಾವಾಗ, ಎಷ್ಟು ಮನೆಯಲ್ಲಿ, ಯಾವ ಮಾತಲ್ಲಿ ಕೇಳಬೇಕು?

ಉತ್ತರ: ನಂಬಬಹುದು. ಆದರೆ ಅದು ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಎನ್ನುವುದು ಮೊದಲು ಗೊತ್ತಿರಬೇಕು. ನಲ್ಲಿ ಇದೆಯೇ, ಎಷ್ಟು ಲೀಟರ್ ಬರುತ್ತದೆ, ನೀರಿನಲ್ಲಿ ಏನಿದೆ ಎಂಬ ಮೂರಕ್ಕೂ ಇಲಾಖೆಯ ಬಳಿ ಲೆಕ್ಕವೋ ಪರೀಕ್ಷೆಯೋ ಇರುತ್ತದೆ. ನೀರಿಲ್ಲದೆ ಮನೆಯವರ ದಿನ ಹೇಗೆ ಕೆಟ್ಟಿತು, ಎಷ್ಟು ಸಲ ಕೆಟ್ಟಿತು ಎಂಬ ಲೆಕ್ಕ ಯಾರ ಬಳಿಯೂ ಇರುವುದಿಲ್ಲ. ನೀವು ಕೇಳಿರುವ ವಿಧಾನ ಆ ಲೆಕ್ಕಕ್ಕಾಗಿಯೇ ಹುಟ್ಟಿದ್ದು.

ಇದರ ಮೂಲ ಎಚ್‌ವೈಸ್ ಎಂಬ ಹನ್ನೆರಡು ಪ್ರಶ್ನೆಯ ಮಾಪಕ. ಹೌಸ್‌ಹೋಲ್ಡ್ ವಾಟರ್ ಇನ್‌ಸೆಕ್ಯುರಿಟಿ ಎಕ್ಸ್‌ಪೀರಿಯೆನ್ಸಸ್ ಎಂಬುದರ ಮೊಟಕು ಹೆಸರು ಅದು. ಪುಣೆ ಮತ್ತು ರಾಜಸ್ಥಾನ ಸೇರಿ 23 ದೇಶಗಳ 28 ಕಡೆ, 8,127 ಮನೆಗಳಲ್ಲಿ ಕೇಳಿ ನೋಡಿ, ಎಲ್ಲ ಕಡೆಯೂ ಒಂದೇ ಅರ್ಥ ಕೊಡುವ ಪ್ರಶ್ನೆಗಳನ್ನಷ್ಟೇ ಉಳಿಸಿಕೊಂಡು 2019ರಲ್ಲಿ ಪ್ರಕಟಿಸಿದರು. ಹನ್ನೆರಡು ವಿಷಯ ಇವು: ನೀರು ಸಾಲದೆ ಹೋದೀತೆಂಬ ಚಿಂತೆ, ಮುಖ್ಯ ಮೂಲದಿಂದ ನೀರು ನಿಂತುಹೋಗುವುದು, ಬಟ್ಟೆ ಒಗೆಯಲಾಗದಿರುವುದು, ಕೆಲಸಕಾರ್ಯ ತಪ್ಪುವುದು, ಅಡುಗೆ ಬದಲಾಗುವುದು, ಕೈ ತೊಳೆಯಲಾಗದಿರುವುದು, ಸ್ನಾನ ತಪ್ಪುವುದು, ಬೇಕಾದಷ್ಟು ಕುಡಿಯಲು ಸಿಗದಿರುವುದು, ಸಿಟ್ಟು, ಬಾಯಾರಿಕೆಯಲ್ಲೇ ಮಲಗುವುದು, ಮನೆಯಲ್ಲಿ ತೊಟ್ಟು ನೀರೂ ಇಲ್ಲದಿರುವುದು, ನೀರಿನಿಂದಾಗಿ ಅವಮಾನ. 2021ರಲ್ಲಿ ಇದರಿಂದಲೇ ನಾಲ್ಕನ್ನು ಆರಿಸಿ ಚಿಕ್ಕ ಮಾಪಕ ಮಾಡಿದರು: ಚಿಂತೆ, ಕೆಲಸ ತಪ್ಪುವುದು, ಕೈ ತೊಳೆಯುವುದು, ಕುಡಿಯುವುದು.

ನಿಮ್ಮ ಎರಡು ಪಂಚಾಯಿತಿಗೆ ಹೊಂದುವಂತೆ ಆ ನಾಲ್ಕನ್ನು ಹೀಗೆ ಕೇಳಬಹುದು:

"ಕಳೆದ ನಾಲ್ಕು ವಾರದಲ್ಲಿ, ಮನೆಯ ಎಲ್ಲ ಬಳಕೆಗೂ ನೀರು ಸಾಲದೆ ಹೋದೀತೇನೋ ಅಂತ ನಿಮಗಾಗಲಿ ಮನೆಯವರಿಗಾಗಲಿ ಎಷ್ಟು ಸಲ ಯೋಚನೆ ಹತ್ತಿದೆ?"

"ಕಳೆದ ನಾಲ್ಕು ವಾರದಲ್ಲಿ, ನೀರಿನ ತೊಂದರೆಯಿಂದ ನೀವಾಗಲಿ ಮನೆಯವರಾಗಲಿ ಮಾಡಬೇಕು ಅಂದುಕೊಂಡ ಕೆಲಸ ಎಷ್ಟು ಸಲ ಬಿಟ್ಟಿದ್ದೀರಿ ಅಥವಾ ಮುಂದಕ್ಕೆ ಹಾಕಿದ್ದೀರಿ? ಕೂಲಿಗೆ ಹೋಗೋದು, ಸಂಘದ ಸಭೆಗೆ ಹೋಗೋದು, ನೆಂಟರ ಮನೆಗೆ ಹೋಗೋದು, ಇಂಥದ್ದು."

"ಕಳೆದ ನಾಲ್ಕು ವಾರದಲ್ಲಿ, ನೀರಿನ ತೊಂದರೆಯಿಂದ, ಕೊಳಕು ಕೆಲಸ ಮಾಡಿದ ಮೇಲೂ ಕೈ ತೊಳೆಯದೆ ಇರಬೇಕಾಗಿ ಬಂದದ್ದು ಎಷ್ಟು ಸಲ? ಕಕ್ಕಸಿಗೆ ಹೋಗಿ ಬಂದ ಮೇಲೆ, ಮಗುವಿನದು ಬಳಿದ ಮೇಲೆ, ಸಗಣಿ ಬಾಚಿದ ಮೇಲೆ."

"ಕಳೆದ ನಾಲ್ಕು ವಾರದಲ್ಲಿ, ನೀವಾಗಲಿ ಮನೆಯವರಾಗಲಿ ಕುಡಿಯಬೇಕು ಅನ್ನಿಸಿದಷ್ಟು ನೀರು ಮನೆಯಲ್ಲಿ ಇಲ್ಲದೆ ಹೋದದ್ದು ಎಷ್ಟು ಸಲ?"

ಪ್ರತಿ ಪ್ರಶ್ನೆಯಲ್ಲೂ "ಕಳೆದ ನಾಲ್ಕು ವಾರದಲ್ಲಿ" ಎಂದು ಮತ್ತೆ ಮತ್ತೆ ಬರುವುದು ಓದಲು ಬೇಸರ ತರಿಸುತ್ತದೆ, ಆದರೂ ಬಿಡಬೇಡಿ. ಬಿಟ್ಟರೆ ಮೂರನೇ ಪ್ರಶ್ನೆ ಹೊತ್ತಿಗೆ ಉತ್ತರ ಕೊಡುವವರು ಹೋದ ವರ್ಷದ ಬರಗಾಲಕ್ಕೆ ಹೋಗಿರುತ್ತಾರೆ. ನಾಲ್ಕು ವಾರ ಎಂದರೆ ಎಲ್ಲಿಂದ ಎಲ್ಲಿಗೆ ಎಂದು ನೆನಪಾಗಲು ಸಂತೆಯ ಲೆಕ್ಕ ಹಿಡಿಸಿ: "ಈಚಿನ ನಾಲ್ಕು ಸಂತೆ ಒಳಗೆ" ಎಂದರೆ ಹಳ್ಳಿಯಲ್ಲಿ ಯಾರಿಗೂ ಗೊಂದಲ ಇಲ್ಲ. ಆ ನಡುವೆ ಯುಗಾದಿಯೋ ಊರ ಜಾತ್ರೆಯೋ ಬಂದಿದ್ದರೆ ಅದನ್ನೂ ಹೇಳಿ.

"ನೀರಿನ ತೊಂದರೆಯಿಂದ" ಎಂಬ ಮಾತೂ ಅಷ್ಟೇ ಮುಖ್ಯ. ಜುಲೈನಲ್ಲಿ ಮೂಡಿಗೆರೆ ಕಡೆ ಹೋಗಿ "ಕೆಲಸ ಎಷ್ಟು ಸಲ ತಪ್ಪಿತು" ಎಂದಷ್ಟೇ ಕೇಳಿದರೆ ಮಳೆಯಿಂದ ತಪ್ಪಿದ ಕೂಲಿಯನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ. ಹನ್ನೆರಡು ಪ್ರಶ್ನೆ ಕೇಳುವುದಾದರೆ ಬಟ್ಟೆಯ ಪ್ರಶ್ನೆಯಲ್ಲಿ ಇದು ಇನ್ನೂ ಜಾಸ್ತಿ. ಮಲೆನಾಡಿನ ಮಳೆಗಾಲದಲ್ಲಿ ವಾರಗಟ್ಟಲೆ ಬಟ್ಟೆ ಒಗೆಯದೆ ಇರುವುದು ಒಣಗುವುದಿಲ್ಲ ಎಂಬ ಕಾರಣಕ್ಕೆ. ನೀರು ಅಂಗಳದಲ್ಲೇ ಹರಿಯುತ್ತಿರುತ್ತದೆ.

ಉತ್ತರಕ್ಕೆ ಅಂಕ ಕೊಡುವ ಬಗೆ ಸುಲಭ. ಒಂದು ಸಲವೂ ಇಲ್ಲ ಎಂದರೆ 0. ಒಂದೋ ಎರಡೋ ಸಲ ಎಂದರೆ 1. ಮೂರರಿಂದ ಹತ್ತು ಸಲ ಎಂದರೆ 2. ಹನ್ನೊಂದರಿಂದ ಇಪ್ಪತ್ತು ಸಲಕ್ಕೆ 3, ಇಪ್ಪತ್ತಕ್ಕಿಂತ ಹೆಚ್ಚಿಗೂ 3. ನಾಲ್ಕೂ ಸೇರಿ ಗರಿಷ್ಠ 12. ಮೊತ್ತ 4 ಅಥವಾ ಅದಕ್ಕಿಂತ ಹೆಚ್ಚಾದರೆ ಆ ಮನೆ ನೀರಿನ ಅಭದ್ರತೆಯಲ್ಲಿದೆ ಎಂದು ಲೆಕ್ಕ. ಹನ್ನೆರಡು ಪ್ರಶ್ನೆಯ ಮಾಪಕದಲ್ಲಿ ಗರಿಷ್ಠ 36, ಅಭದ್ರತೆ ಎನ್ನುವ ಗೆರೆ 12. ಅದರಲ್ಲಿ 0–2 ಬಂದರೆ ತೊಂದರೆ ಇಲ್ಲ ಎನ್ನಬಹುದಾದಷ್ಟು, 3–11 ಕಡಿಮೆ, 12–23 ಮಧ್ಯಮ, 24–36 ತೀವ್ರ ಎಂದು ಮೆಟ್ಟಿಲು ಮಾಡಿ ಹೇಳಲು ಬರುತ್ತದೆ. ನಾಲ್ಕರಲ್ಲಿ ಈ ಮೆಟ್ಟಿಲುಗಳನ್ನು ಹಾಕಬೇಡಿ.

ಸಮೀಕ್ಷೆಗಳು ಹೆಚ್ಚಾಗಿ ಕೆಡುವುದು ಇಲ್ಲೇ. ಕೇಳುವ ಹುಡುಗರು "ಅಪರೂಪಕ್ಕಾ, ಕೆಲವು ಸಲಾನಾ, ಪದೇ ಪದೇನಾ?" ಎಂದು ಆಯ್ಕೆ ಓದಿ, ಹೇಳಿದ್ದಕ್ಕೆ ಟಿಕ್ ಹಾಕುತ್ತಾರೆ. ಬಯಲುಸೀಮೆಯ ಗಟ್ಟಿಗಿತ್ತಿಯೊಬ್ಬಳಿಗೆ ವಾರಕ್ಕೆ ಎರಡು ಸಲ ನೀರು ತಪ್ಪುವುದು "ಅಪರೂಪಕ್ಕೆ". ಮಲೆನಾಡಲ್ಲಿ ಗುಡ್ಡದಿಂದ ಹರಿದುಬರುವ ಅಬ್ಬಿ ನೀರು ಕಂಡವರಿಗೆ ತಿಂಗಳಲ್ಲಿ ಎರಡು ಸಲ ನಿಂತರೆ "ಪದೇ ಪದೇ". ಎರಡು ಪಂಚಾಯಿತಿಗಳನ್ನು ಹೋಲಿಸಹೊರಟವರಿಗೆ ಇದಕ್ಕಿಂತ ದೊಡ್ಡ ಮೋಸ ಇಲ್ಲ. ಆದ್ದರಿಂದ ಆಯ್ಕೆ ಓದಬೇಡಿ. ಎಷ್ಟು ಸಲ ಎಂದು ಕೇಳಿ, ಸಂಖ್ಯೆಯನ್ನೇ ಬರೆದುಕೊಳ್ಳಿ, ಅಂಕವನ್ನು ಆಮೇಲೆ ಹಾಕಿ. ಜನ ಸಂಖ್ಯೆಯಲ್ಲಿ ಮಾತಾಡುವುದು ಕಡಿಮೆ. ಅವರ ಮಾತನ್ನು ನಾಲ್ಕು ವಾರಕ್ಕೆ ಲೆಕ್ಕ ಹಾಕಿ ಅಲ್ಲೇ ತಿರುಗಿ ಕೇಳಿ ಖಚಿತ ಮಾಡಿಕೊಳ್ಳಬೇಕು. "ವಾರಕ್ಕೆ ಎರಡು ಸಲ" ಎಂದರೆ ಎಂಟು, ಅಂಕ 2. "ವಾರದಲ್ಲಿ ಮೂರು ದಿನ" ಎಂದರೆ ಹನ್ನೆರಡು, ಅಂಕ 3. "ದಿನ ಬಿಟ್ಟು ದಿನ" ಎಂದರೆ ಹದಿನಾಲ್ಕು, ಅದಕ್ಕೂ 3. "ಯಾವಾಗಲೂ ಇದ್ದಿದ್ದೇ ಬಿಡಿ" ಎಂದವರನ್ನು "ದಿನಾನಾ, ವಾರಕ್ಕೆ ಎಷ್ಟು ದಿನ?" ಎಂದು ಮತ್ತೊಮ್ಮೆ ಕೇಳದೆ ಬಿಡಬೇಡಿ.

ಒಂದು ಮನೆಯನ್ನು ತೆಗೆದುಕೊಳ್ಳೋಣ. ಕಡೂರು ಕಡೆಯ ಊರು, ನಲ್ಲಿಯಲ್ಲಿ ಮೂರು ದಿನಕ್ಕೊಮ್ಮೆ ನೀರು. ಮನೆಯಾಕೆ ಹೇಳುತ್ತಾರೆ: ಯೋಚನೆ ದಿನಾ ಇದ್ದದ್ದೇ, ನೀರು ಬಿಡುವ ದಿನ ಕೂಲಿಗೆ ಹೋಗಲಾಗುವುದಿಲ್ಲ, ವಾರಕ್ಕೆ ಎರಡು ದಿನ ಹೋಯಿತು, ಕೈ ತೊಳೆಯದೆ ಇದ್ದದ್ದಿಲ್ಲ, ಕುಡಿಯೋ ನೀರನ್ನು ಶುದ್ಧ ನೀರಿನ ಘಟಕದಿಂದ ಕ್ಯಾನಲ್ಲಿ ತರುತ್ತೇವೆ, ಅದಕ್ಕೆ ಕೊರತೆ ಇಲ್ಲ. ಅಂಕ 3, 2, 0, 0. ಮೊತ್ತ 5, ಗೆರೆ ದಾಟಿತು. ದಾಖಲೆಯಲ್ಲಿ ಇದೇ ಮನೆ ನಲ್ಲಿ ಇರುವ ಮನೆ, ಕುಡಿಯಲು ಶುದ್ಧ ನೀರು ಇರುವ ಮನೆ. ತಿಂಗಳಿಗೆ ಎಂಟು ಕೂಲಿ ನೀರಿಗೆ ಹೋಗುತ್ತಿರುವುದು ಯಾವ ದಾಖಲೆಯಲ್ಲೂ ಇಲ್ಲ.

ಹಾಗಾದರೆ ನಾಲ್ಕೋ ಹನ್ನೆರಡೋ? ನಮ್ಮ ಅಭಿಪ್ರಾಯ ಸ್ಪಷ್ಟ: ನೀರಿನ ಸಮೀಕ್ಷೆಗೆಂದೇ ಮನೆ ಬಾಗಿಲಿಗೆ ಹೋಗುವುದಾದರೆ ಹನ್ನೆರಡನ್ನೂ ಕೇಳಿ. ಹನ್ನೆರಡಕ್ಕೆ ಹಿಡಿಯುವುದು ಮೂರ್ನಾಲ್ಕು ನಿಮಿಷ. ಒಂದು ಮನೆಯಿಂದ ಇನ್ನೊಂದು ಮನೆಗೆ ನಡೆಯಲು, ಕೂತು ಪರಿಚಯ ಹೇಳಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಎಂಟು ಪ್ರಶ್ನೆ ಕಡಿಮೆ ಮಾಡಿ ಉಳಿಸುವುದು ಏನೂ ಇಲ್ಲ, ಕಳೆದುಕೊಳ್ಳುವುದು ಮಾತ್ರ ಬಹಳ: ಬಾಯಾರಿ ಮಲಗಿದ್ದು, ಅವಮಾನ, ಅಡುಗೆ ಬದಲಾದದ್ದು ನಾಲ್ಕರಲ್ಲಿ ಬರುವುದೇ ಇಲ್ಲ. ಸಂಘದ ಸಾಲ, ಆರೋಗ್ಯ, ಪೌಷ್ಟಿಕತೆ ಎಂದು ಮೊದಲೇ ಉದ್ದವಾಗಿರುವ ಪ್ರಶ್ನಾವಳಿಯಲ್ಲಿ ನೀರಿಗೂ ಜಾಗ ಬೇಕಾದಾಗ ನಾಲ್ಕು ಸರಿಯಾದ ಆಯ್ಕೆ. ವರ್ಷಕ್ಕೆ ನಾಲ್ಕಾರು ಸಲ ಅದೇ ಮನೆಗಳನ್ನು ಫೋನಿನಲ್ಲೇ ಕೇಳಿ ಏರಿಳಿತ ನೋಡುವುದಕ್ಕೂ ಸರಿ. ನಾಲ್ಕನ್ನು ಕೇಳುವುದಾದರೆ ನಾಲ್ಕೂ ಕೇಳಿ. ಕೈ ತೊಳೆಯುವ ಪ್ರಶ್ನೆ ಕೇಳಲು ಮುಜುಗರ ಎಂದು ಅದನ್ನು ಬಿಟ್ಟು ಸ್ನಾನದ ಪ್ರಶ್ನೆ ಹಾಕಿಕೊಂಡರೆ ಗೆರೆ 4 ಎಂಬುದಕ್ಕೆ ಆಧಾರವೇ ಉಳಿಯುವುದಿಲ್ಲ. ಒಂದಕ್ಕೆ ಉತ್ತರ ಸಿಗದಿದ್ದರೂ ಆ ಮನೆಗೆ ಮೊತ್ತ ಹಾಕಬೇಡಿ. "ಗೊತ್ತಿಲ್ಲ" ಎಂಬುದನ್ನು ಸೊನ್ನೆ ಮಾಡುವುದು ಎಲ್ಲ ಕಡೆ ಕಾಣುವ ತಪ್ಪು.

ಹನ್ನೆರಡು ಕೇಳುವವರು ಎಚ್ಚರ ವಹಿಸಬೇಕಾದ ಪ್ರಶ್ನೆ ಒಂದಿದೆ, ನೀರು ನಿಂತುಹೋದದ್ದು ಎಷ್ಟು ಸಲ ಎಂಬುದು. ಮೂರು ದಿನಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ "ನಿಂತಿಲ್ಲ, ಸರಿಯಾಗಿ ಬರ್ತಿದೆ" ಎನ್ನುತ್ತಾರೆ, ಏಕೆಂದರೆ ಮೂರನೇ ದಿನ ತಪ್ಪದೆ ಬಂದಿದೆ. ಸರದಿ ಇದ್ದೇ ಇರುವ ಊರಲ್ಲಿ ಸರದಿ ತಪ್ಪಿದ್ದನ್ನಷ್ಟೇ ಎಣಿಸಬೇಕೋ, ನೀರಿಲ್ಲದ ಪ್ರತಿ ದಿನವನ್ನೂ ಎಣಿಸಬೇಕೋ ಎಂದು ಮೊದಲೇ ತೀರ್ಮಾನಿಸಿ, ಕೇಳುವವರೆಲ್ಲರಿಗೂ ಒಂದೇ ಥರ ಹೇಳಿಕೊಡಿ. ಸರದಿ ತಪ್ಪಿದ್ದು, ಅಥವಾ ಸರದಿಯ ಹೊತ್ತಿಗೆ ಅರ್ಧಕ್ಕೇ ನಿಂತದ್ದು ಎಂದು ಎಣಿಸುವುದು ಒಳ್ಳೆಯದು. ಸರದಿ ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಬೇರೆ ಪ್ರಶ್ನೆಯಾಗಿ ಕೇಳಿ.

ಯಾರನ್ನು ಕೇಳಬೇಕು? ಮನೆಯ ಯಜಮಾನರನ್ನಲ್ಲ. "ನಿಮ್ಮ ಮನೇಲಿ ನೀರು ಹಿಡಿಯೋದು, ತುಂಬಿಸಿಡೋದು ಯಾರು ನೋಡ್ಕೊಳ್ತಾರೆ?" ಎಂದು ಕೇಳಿ, ಅವರನ್ನೇ ಕೂರಿಸಿಕೊಳ್ಳಿ. ಬಹುಪಾಲು ಅದು ಸೊಸೆ ಆಗಿರುತ್ತಾರೆ, ಉತ್ತರ ಹೇಳಲು ಅತ್ತೆ ಮುಂದೆ ಬರುತ್ತಾರೆ. ಅತ್ತೆಯ ಎದುರಿಗೆ "ಕೈ ತೊಳೆಯಲಿಲ್ಲ" ಎಂದು ಸೊಸೆ ಹೇಳಲಾರಳು. ಹಿತ್ತಲಲ್ಲೋ ಕೊಟ್ಟಿಗೆ ಬಳಿಯೋ ಅವಳ ಕೆಲಸದ ನಡುವೆಯೇ ಕೇಳುವುದು ವಾಸಿ. ಸಮೀಕ್ಷೆಗೆ ನೀರಗಂಟಿಯನ್ನಾಗಲಿ ಪಂಚಾಯಿತಿ ಸದಸ್ಯರನ್ನಾಗಲಿ ಜೊತೆಗೆ ಕರೆದುಕೊಂಡು ಹೋಗಬೇಡಿ. ನೀರು ಬಿಡುವವನು ಬಾಗಿಲಲ್ಲಿ ನಿಂತಿದ್ದರೆ ನೀರು ಬರುವುದಿಲ್ಲ ಎಂದು ಯಾರು ಹೇಳುತ್ತಾರೆ? ಊರು ತೋರಿಸಲು ಆಶಾ ಕಾರ್ಯಕರ್ತೆಯೋ ಸಂಘದ ಪ್ರತಿನಿಧಿಯೋ ಬಂದರೆ ಸಾಕು, ಅವರೂ ಪ್ರಶ್ನೆ ಕೇಳುವಾಗ ಹೊರಗಿರಲಿ.

ಉಲ್ಟಾ ತೊಂದರೆಯೂ ಇದೆ. ಸರ್ವೆ ಆದ ಮೇಲೆ ಬೋರ್‌ವೆಲ್ ಕೊರೆಸುತ್ತಾರೆ, ಟ್ಯಾಂಕರ್ ಬರುತ್ತದೆ ಎಂಬ ಸುದ್ದಿ ಹಬ್ಬಿದರೆ ಎಲ್ಲ ಪ್ರಶ್ನೆಗೂ "ದಿನಾ" ಎಂಬ ಉತ್ತರ ಬರತೊಡಗುತ್ತದೆ. ಶುರುವಿನಲ್ಲೇ ನೇರವಾಗಿ ಹೇಳಿ: ಇದರಿಂದ ಈ ಮನೆಗೆ ಏನೂ ಸಿಗುವುದಿಲ್ಲ, ಯಾವುದೂ ನಿಂತುಹೋಗುವುದೂ ಇಲ್ಲ, ಮನೆಯ ಹೆಸರು ಪಂಚಾಯಿತಿಗೆ ಕೊಡುವುದಿಲ್ಲ, ಬೇಡವೆಂದರೆ ಉತ್ತರ ಕೊಡಬೇಕಾಗಿಲ್ಲ. ಹೇಳಿದ ಮೇಲೆ ಹಾಗೇ ನಡೆದುಕೊಳ್ಳಬೇಕು.

ಯಾವಾಗ ಎಂಬುದಕ್ಕೆ ನಿಮ್ಮ ಎರಡು ತಾಲ್ಲೂಕುಗಳ ಉತ್ತರ ಬೇರೆ ಬೇರೆ. ನಾಲ್ಕು ವಾರದ ನೆನಪನ್ನು ಕೇಳುವ ಮಾಪಕ ಆ ನಾಲ್ಕು ವಾರವನ್ನಷ್ಟೇ ಅಳೆಯುತ್ತದೆ. ಕಡೂರಿನ ಬಯಲಿನಲ್ಲಿ ಬೋರ್‌ವೆಲ್ ನೀರು ಇಳಿಯುವುದು ಏಪ್ರಿಲ್ ನಡುವಿನಿಂದ ಮೇ ತನಕ, ಆಗ ಕೇಳಿ. ಭರಣಿ, ಕೃತ್ತಿಕೆ ಮಳೆ ಚೆನ್ನಾಗಿ ಬಿದ್ದ ವರ್ಷದ ಮೇ ತಿಂಗಳನ್ನು ಬೀಳದ ವರ್ಷದ ಮೇ ಜೊತೆ ಹೋಲಿಸಿದರೆ ಪೈಪ್‌ಲೈನ್ ಸುಧಾರಿಸಿತೋ ಮಳೆ ಸುಧಾರಿಸಿತೋ ತಿಳಿಯುವುದಿಲ್ಲ. ಹಾಗಾಗಿ ಆ ನಾಲ್ಕು ವಾರದಲ್ಲಿ ಬಿದ್ದ ಮಳೆಯ ಮಿಲಿಮೀಟರ್ ಲೆಕ್ಕವನ್ನು ಹತ್ತಿರದ ಮಳೆಮಾಪಕದಿಂದ ಪಡೆದು ವರದಿಯಲ್ಲಿ ಬರೆದಿಡಿ.

ಮೂಡಿಗೆರೆ ಕಡೆಗೆ ಎರಡು ಕಷ್ಟದ ಕಾಲ. ಮೊದಲನೆಯದು ಫೆಬ್ರವರಿ ಕೊನೆಯಿಂದ ಮಾರ್ಚ್. ಕಾಫಿ ಹೂವಿಗೆ ಸ್ಪ್ರಿಂಕ್ಲರ್‌ನಲ್ಲಿ ನೀರು ಕೊಡುವ ಕಾಲ ಅದು. ತೋಟಗಳು ಹಳ್ಳಕ್ಕೂ ಕೆರೆಗೂ ಪಂಪು ಇಟ್ಟಾಗ ಅದೇ ಹಳ್ಳದ ಕೆಳಗಿನವರ ಬಾವಿ, ಅಬ್ಬಿ ಸೊರಗುತ್ತವೆ. ಎರಡನೆಯದು ಮಳೆಗಾಲದ ನಡುವೆ, ಪುನರ್ವಸು ಪುಷ್ಯ ಮಳೆ ಹೊಡೆಯುವ ಜುಲೈ. ಮರ ಬಿದ್ದು ವಿದ್ಯುತ್ ತಂತಿ ಹರಿದರೆ ದಿನಗಟ್ಟಲೆ ಕರೆಂಟ್ ಇಲ್ಲ, ಕರೆಂಟ್ ಇಲ್ಲದೆ ಮೋಟಾರ್ ಇಲ್ಲ, ಓವರ್‌ಹೆಡ್ ಟ್ಯಾಂಕ್ ಖಾಲಿ. ಹಳ್ಳದ ನೀರು ಕೆಂಪಾಗಿ ಕುಡಿಯಲು ಬರುವುದಿಲ್ಲ, ಅಬ್ಬಿಯ ಪೈಪು ಕೊಚ್ಚಿಹೋಗಿರುತ್ತದೆ ಅಥವಾ ಬಾಯಲ್ಲಿ ಕಸ ಕಟ್ಟಿಕೊಂಡಿರುತ್ತದೆ. ಇಷ್ಟೊಂದು ಮಳೆ ಬೀಳುವ ಕಡೆ ಮಳೆಗಾಲದಲ್ಲಿ ಅಂಕ ಏರಿದರೆ ಸಮೀಕ್ಷೆ ತಪ್ಪಿದೆ ಎಂದುಕೊಳ್ಳಬೇಡಿ. ಎರಡೂ ಕಾಲದಲ್ಲಿ ಕೇಳಿ. ಇಡೀ ವರ್ಷದ್ದು ಬೇಕೆಂದರೆ ಮನೆಗೆ ಬದಲು ಒಬ್ಬ ವ್ಯಕ್ತಿಯನ್ನು ಹಿಡಿದು ಕಳೆದ ಹನ್ನೆರಡು ತಿಂಗಳ ಬಗ್ಗೆ ಕೇಳುವ ಐವೈಸ್ ಎಂಬ ಮಾಪಕವೂ ಇದೆ. 2020ರಲ್ಲಿ ಗ್ಯಾಲಪ್ ಸಮೀಕ್ಷೆಯ ಮೂಲಕ ಭಾರತವೂ ಸೇರಿ 31 ದೇಶಗಳಲ್ಲಿ ಅದನ್ನು ಬಳಸಿದ್ದಾರೆ. ಪಂಚಾಯಿತಿ ಮಟ್ಟದ ಕೆಲಸಕ್ಕೆ ನಾಲ್ಕು ವಾರದ್ದೇ ಹೆಚ್ಚು ಉಪಯೋಗ, ಏಕೆಂದರೆ ಯಾವ ತಿಂಗಳು ಏನು ಕೈಕೊಡುತ್ತದೆ ಎಂದು ತಿಳಿದರೆ ತಾನೇ ರಿಪೇರಿಗೆ ದಾರಿ.

ಎಷ್ಟು ಮನೆ ಎಂಬುದಕ್ಕೆ ಸೂತ್ರ ಇದೆ. ಶೇ 95ರ ಭರವಸೆಯಲ್ಲಿ, ಬರುವ ಉತ್ತರ ಏಳು ಶೇಕಡಾ ಅಂಶ ಆಚೀಚೆ ಇದ್ದರೂ ಸಾಕು ಎಂದರೆ 196 ಮನೆ. ಹತ್ತು ಅಂಶ ಆದರೂ ಪರವಾಗಿಲ್ಲ ಎಂದರೆ 96. ಪಂಚಾಯಿತಿಯಲ್ಲಿರುವುದೇ 900 ಮನೆ ಎಂದರೆ 196 ಎಂಬುದು 162ಕ್ಕೆ ಇಳಿಯುತ್ತದೆ: 196ನ್ನು, ಒಂದಕ್ಕೆ 195/900 ಕೂಡಿಸಿದ ಮೊತ್ತದಿಂದ ಭಾಗಿಸಿ. ಪಟ್ಟಿಯಿಂದ ಐದಕ್ಕೊಂದು ಮನೆ ಹಿಡಿದರೆ 180 ಆಗುತ್ತದೆ, ಬೀಗ ಹಾಕಿದ ಮನೆ ಕಳೆದರೂ ಸಾಲುತ್ತದೆ. ಶುರು ಎಲ್ಲಿಂದ ಎಂಬುದನ್ನು ಒಂದರಿಂದ ಐದರೊಳಗೆ ಚೀಟಿ ಎತ್ತಿ ನಿರ್ಧರಿಸಿ. ಮೂರು ಬಂದರೆ 3, 8, 13, 18 ಹೀಗೆ. ಈ ಲೆಕ್ಕ ಇಡೀ ಪಂಚಾಯಿತಿಯ ಪಟ್ಟಿ ಕೈಯಲ್ಲಿದ್ದಾಗ. ಎಲ್ಲ ಊರಿಗೂ ಹೋಗಲಾಗದೆ ನಾಲ್ಕೈದು ಊರನ್ನಷ್ಟೇ ಆರಿಸಿಕೊಂಡರೆ ಮನೆಗಳನ್ನು ದುಪ್ಪಟ್ಟು ಮಾಡಬೇಕಾದೀತು, ಒಂದೇ ಟ್ಯಾಂಕಿನ ನೀರು ಕುಡಿಯುವ ಮನೆಗಳ ಉತ್ತರ ಒಂದೇ ಥರ ಇರುತ್ತದೆ.

ಬಾಗಿಲು ಹಾಕಿದ ಮನೆಗೆ ಬದಲಾಗಿ ಪಕ್ಕದ ಮನೆಗೆ ನುಗ್ಗಬೇಡಿ. ಬೆಳಗ್ಗೆ ಹತ್ತಕ್ಕೆ ಮನೆಯಲ್ಲಿ ಇರುವವರು ಯಾರು? ಕೂಲಿಗೆ ಹೋಗದವರು, ಸಂಪು, ಮೋಟಾರು, ಸಿಂಟೆಕ್ಸ್ ಇದ್ದವರು. ಬೀಗ ಇರುವ ಮನೆಗೆ ಸಂಜೆಯೋ ರಜಾ ದಿನವೋ ಇನ್ನೆರಡು ಸಲ ಹೋಗಬೇಕು. ತೋಟದ ಕೆಲಸಗಾರರಿಗೆ ವಾರದ ರಜೆ ಸಾಮಾನ್ಯವಾಗಿ ಸಂತೆಯ ದಿನವೋ ಭಾನುವಾರವೋ ಇರುತ್ತದೆ, ಮಧ್ಯಾಹ್ನದ ಮೇಲೆ ಸಿಗುತ್ತಾರೆ.

ಪಟ್ಟಿಯೇ ಎಲ್ಲಕ್ಕಿಂತ ದೊಡ್ಡ ತೊಡಕು. ಪಂಚಾಯಿತಿಯ ಕಂದಾಯದ ಪಟ್ಟಿ ಹಿಡಿದು ಹೊರಟರೆ ಕಾಫಿ ತೋಟದ ಲೈನ್ ಮನೆಗಳು, ಅಂದರೆ ಕೆಲಸಗಾರರ ಸಾಲುಮನೆಗಳು, ಬರುವುದಿಲ್ಲ. ಕಟ್ಟಡ ತೋಟದವರದು, ಅದರಲ್ಲಿ ಇರುವ ಎಂಟು ಹತ್ತು ಸಂಸಾರಕ್ಕೆ ಪ್ರತ್ಯೇಕ ಲೆಕ್ಕ ಇಲ್ಲ. ಅಸ್ಸಾಂ ಕಡೆಯಿಂದ ಬಂದ ಕೆಲಸಗಾರರು ಮತದಾರರ ಪಟ್ಟಿಯಲ್ಲೂ ಸಿಗುವುದಿಲ್ಲ. ಅವರಿಗೆ ಹಿಂದಿಯಲ್ಲಿ ಕೇಳಬೇಕು, ಪ್ರಶ್ನೆಯ ಹಿಂದಿ ಪ್ರತಿಯನ್ನು ಮೊದಲೇ ಬರೆದಿಟ್ಟುಕೊಂಡಿರಬೇಕು. ಅಲ್ಲೇ ನಿಂತು ಬಾಯಿಗೆ ಬಂದಂತೆ ಅನುವಾದಿಸಿದರೆ ಆಗದು. ಬಯಲಿನ ಕಡೆ ಊರಿಂದ ದೂರದ ಹಟ್ಟಿಗಳು, ತಾಂಡಾಗಳು, ತೋಟದ ಮನೆಗಳು ಹೀಗೇ ಜಾರುತ್ತವೆ. ಆಶಾ ಕಾರ್ಯಕರ್ತೆಯರ ಮನೆ ಪಟ್ಟಿ ಕಂದಾಯದ ಪಟ್ಟಿಗಿಂತ ಎಷ್ಟೋ ಪೂರ್ಣ. ಅದನ್ನು ಹಿಡಿದು, ಲೈನ್‌ಗಳನ್ನು ನೀವೇ ನಡೆದು ಎಣಿಸಿ ಸೇರಿಸಿ.

ಲೈನ್ ಮನೆಗಳು ಕಡಿಮೆ ಇರುವುದರಿಂದ ಅಲ್ಲಿ ಹೆಚ್ಚು ಮನೆ ಆರಿಸುವುದು ಸರಿಯಾದ ಕ್ರಮ, ಒಟ್ಟು ಲೆಕ್ಕ ಹಾಕುವಾಗ ತೂಕ ಸರಿಪಡಿಸಿದರಾಯಿತು. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ: 80 ಲೈನ್ ಮನೆಯಲ್ಲಿ 40 ಕೇಳಿದಿರಿ, 20 ಗೆರೆ ದಾಟಿದವು, ಅರ್ಧ. ಉಳಿದ 820ರಲ್ಲಿ 140 ಕೇಳಿದಿರಿ, 35 ದಾಟಿದವು, ಕಾಲುಭಾಗ. ಸುಮ್ಮನೆ ಕೂಡಿಸಿದರೆ 180ಕ್ಕೆ 55, ಶೇ 30.6. ತೂಕ ಹಾಕಿದರೆ 80ರ ಅರ್ಧ 40, 820ರ ಕಾಲು 205, ಒಟ್ಟು 900ಕ್ಕೆ 245, ಶೇ 27.2. ವರದಿಯಲ್ಲಿ ಹೋಗಬೇಕಾದ್ದು ಎರಡನೆಯದು, ಅದರ ಜೊತೆಗೆ ಲೈನ್‌ಗಳಲ್ಲಿ ಅರ್ಧ ಮನೆ ಎಂಬುದೂ ಕಾಣುವಂತೆ ಇರಲಿ.

ಕೆಲಸ ಶುರು ಮಾಡುವ ಮುಂಚೆ ಆಯ್ಕೆಯಲ್ಲಿ ಇಲ್ಲದ ಹತ್ತು ಹನ್ನೆರಡು ಮನೆಯಲ್ಲಿ ಕೇಳಿ ನೋಡಿ. ಪ್ರತಿ ಪ್ರಶ್ನೆ ಆದ ಮೇಲೆ "ನಾನು ಈಗ ಏನು ಕೇಳಿದೆ, ನಿಮ್ಮ ಮಾತಲ್ಲಿ ಹೇಳಿ" ಎನ್ನಿ. ಕೈ ತೊಳೆಯುವ ಪ್ರಶ್ನೆಯನ್ನು ಊಟಕ್ಕೆ ಮುಂಚೆ ತೊಳೆಯುವುದು ಎಂದು ತಿಳಿದವರು ಆಗ ಸಿಕ್ಕಿಬೀಳುತ್ತಾರೆ, ಉದಾಹರಣೆಗಳನ್ನು ಇನ್ನೂ ನಿಧಾನವಾಗಿ ಓದಬೇಕೆಂದು ತಿಳಿಯುತ್ತದೆ. ಉತ್ತರ ದಾಖಲಿಸಲು ಕೋಬೋ ಟೂಲ್‌ಬಾಕ್ಸ್ ಅಥವಾ ಓಡಿಕೆ ಎಂಬ ಮೊಬೈಲ್ ಆ್ಯಪ್ ಸಾಕು, ಎರಡೂ ನೆಟ್‌ವರ್ಕ್ ಇಲ್ಲದ ಕಡೆ ಕೆಲಸ ಮಾಡುತ್ತವೆ. ಕನ್ನಡದಲ್ಲೇ ಪ್ರಶ್ನೆ ಹಾಕಬಹುದು. ನೂರರಲ್ಲಿ ಹತ್ತು ಮನೆಗೆ ಎರಡು ದಿನದೊಳಗೆ ಮೇಲ್ವಿಚಾರಕರು ಮತ್ತೆ ಹೋಗಿ ಕೇಳಲಿ. ಒಬ್ಬರು ತಂದ ಎಲ್ಲ ಮನೆಯ ಉತ್ತರ ಒಂದೇ ಥರ ಇದ್ದರೆ, ಅಥವಾ ಹನ್ನೆರಡರ ಮಾಪಕದಲ್ಲಿ ಬಾಯಾರಿ ಮಲಗಿದ್ದು ಹಲವು ಸಲ ಎಂದಿದ್ದೂ ಕುಡಿಯಲು ಕೊರತೆ ಒಂದು ಸಲವೂ ಇಲ್ಲ ಎಂದಿದ್ದರೆ, ಅವರ ಜೊತೆ ಕೂತು ಪ್ರಶ್ನೆಯನ್ನು ಮತ್ತೆ ಓದಿ.

ಇನ್ನು ಈ ಅಂಕ ಹೇಳದೆ ಇರುವ ಸಂಗತಿಗಳು. ನೀರಿನ ಗುಣಮಟ್ಟ ಇದರಲ್ಲಿ ಇಲ್ಲ. ಆಳದ ಬೋರ್‌ವೆಲ್‌ನ ಫ್ಲೋರೈಡ್ ನೀರನ್ನು ಬೇಕಾದಷ್ಟು ಕುಡಿಯುವ ಮನೆಗೆ ಸೊನ್ನೆ ಬರಬಹುದು. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ 1.5ರ ತನಕ ಎಂದು ಭಾರತೀಯ ಮಾನಕ 10500 ಹೇಳುತ್ತದೆ. ಅದನ್ನು ತಿಳಿಯಲು ನೀರನ್ನೇ ಪರೀಕ್ಷಿಸಬೇಕು. ಜಲಜೀವನ್ ಮಿಷನ್‌ನಲ್ಲಿ ಪ್ರತಿ ಊರಿನ ಐವರು ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸಲು ಕಲಿಸಬೇಕೆಂಬ ನಿಯಮ ಇದೆ. ನಿಮ್ಮ ಊರಲ್ಲಿ ಅವರು ಯಾರು ಎಂದು ಪಿಡಿಒ ಅವರನ್ನು ಕೇಳಿ.

ಲೀಟರಿನ ಲೆಕ್ಕವೂ ಇದರಲ್ಲಿ ಇಲ್ಲ. ಮಿಷನ್ ಪ್ರಕಾರ ತಲೆಗೆ ದಿನಕ್ಕೆ 55 ಲೀಟರ್, ಐದು ಜನರ ಮನೆಗೆ 275. ನಲ್ಲಿಯ ಕೆಳಗೆ ಬಕೆಟ್ ಇಟ್ಟು ಗಡಿಯಾರ ನೋಡಿ. 15 ಲೀಟರ್ ಬಕೆಟ್ ತುಂಬಲು ಏಳೂವರೆ ನಿಮಿಷ ಹಿಡಿದರೆ ನಿಮಿಷಕ್ಕೆ 2 ಲೀಟರ್. ದಿನಕ್ಕೆ ಒಂದು ಗಂಟೆ ಬಿಟ್ಟರೆ 120 ಲೀಟರ್, ತಲೆಗೆ 24. ಬಕೆಟ್ ಮೇಲೆ ಬರೆದ ಅಳತೆಯನ್ನು ನಂಬದೆ ಲೀಟರ್ ಬಾಟಲಿಯಿಂದ ತುಂಬಿಸಿ ಗುರುತು ಹಾಕಿಕೊಳ್ಳಿ. ಕೊಡ, ಬಿಂದಿಗೆಗಳ ಅಳತೆ ಮನೆಯಿಂದ ಮನೆಗೆ ಬೇರೆ, "ಎಷ್ಟು ಕೊಡ ಹಿಡಿದಿರಿ" ಎಂಬುದರಿಂದ ಲೀಟರ್ ಸಿಗುವುದಿಲ್ಲ.

ದನಕರುಗಳೂ ಇದರಲ್ಲಿ ಇಲ್ಲ, ನಮ್ಮ ಕಡೆಗೆ ಇದು ಸಣ್ಣ ಮಾತಲ್ಲ. ಡೈರಿಗೆ ಹಾಲು ಹಾಕುವ ಮನೆಯಲ್ಲಿ ಕರೆಯುವ ಮಿಶ್ರತಳಿ ಹಸು ಬೇಸಗೆಯಲ್ಲಿ ದಿನಕ್ಕೆ 60 ಲೀಟರ್‌ಗೂ ಮೀರಿ ಕುಡಿಯಬಹುದು, ಒಬ್ಬ ಮನುಷ್ಯನ ಪಾಲಿಗಿಂತ ಹೆಚ್ಚು. ಹಸುವಿಗೆ ನೀರು ಸಾಲದೆ ಹೋದದ್ದು ಎಷ್ಟು ಸಲ, ನೀರಿಗಾಗಿ ದನ ಮಾರಿದಿರಾ ಎಂದು ಎರಡು ಪ್ರಶ್ನೆ ಕೊನೆಯಲ್ಲಿ ಸೇರಿಸಿ. ಅಂಕಕ್ಕೆ ಮಾತ್ರ ಕೂಡಿಸಬೇಡಿ.

ಹನ್ನೆರಡನೇ ಪ್ರಶ್ನೆ, ಅವಮಾನದ್ದು, ನಿಮ್ಮ ಎರಡೂ ಕಡೆ ಜಾತಿಯ ಗೆರೆಯನ್ನು ಮುಟ್ಟುತ್ತದೆ. ಕಾಲೋನಿಯವರು ಮೇಲಿನ ಕೇರಿಯ ನಲ್ಲಿಗೆ ಹೋದಾಗ ಏನು ಕೇಳಿಸಿಕೊಂಡರು ಎಂಬುದು ಅಲ್ಲಿ ಬರಬಹುದು. ಆ ಮನೆಗಳಿಗೆ ಆ ಕೇರಿಯ ಹೆಣ್ಣುಮಗಳೇ ಹೋಗಿ ಕೇಳುವಂತೆ ಮಾಡಿ. ಉತ್ತರವನ್ನು ವರದಿಯಲ್ಲಿ ಹಾಕುವಾಗ ಇಷ್ಟೇ ಮನೆಗಳ ಕೇರಿ ಎಂದು ಗುರುತು ಸಿಗುವ ಹಾಗೆ ಬರೆಯಬೇಡಿ.

ಫಲಿತಾಂಶವನ್ನು ಗ್ರಾಮಸಭೆಗೆ ಒಯ್ಯುವಾಗ ಸರಾಸರಿ ಅಂಕ ಹೇಳಿದರೆ ಯಾರಿಗೂ ಅರ್ಥವಾಗದು. 180ರಲ್ಲಿ 63 ಮನೆ ಗೆರೆ ದಾಟಿದ್ದರೆ ಶೇ 35. ಆದರೆ ನಿಜವಾದ ಸಂಖ್ಯೆ 28ರಿಂದ 42ರ ನಡುವೆ ಎಲ್ಲಾದರೂ ಇರಬಹುದು. ಅದನ್ನು "ಮೂರರಲ್ಲಿ ಒಂದು ಮನೆ" ಎಂದು ಹೇಳಿ. 20 ಮನೆಯಷ್ಟೇ ಕೇಳಿದ ಕೇರಿಗೆ ಶೇಕಡಾ ಲೆಕ್ಕ ಬೇಡ, "ಇಪ್ಪತ್ತರಲ್ಲಿ ಒಂಬತ್ತು" ಎಂದರೆ ಸಾಕು. ಅದರ ಪಕ್ಕದಲ್ಲೇ ಪ್ರತಿ ಪ್ರಶ್ನೆಯ ಲೆಕ್ಕ ಇಡಿ, ರಿಪೇರಿಯ ದಾರಿ ಅಲ್ಲೇ ಇರುತ್ತದೆ. ಕೆಲಸ ತಪ್ಪುವುದು ಜಾಸ್ತಿ, ಕುಡಿಯುವ ಕೊರತೆ ಕಡಿಮೆ ಎಂದರೆ ನೀರು ಇದೆ, ಬಿಡುವ ಹೊತ್ತು ಸರಿ ಇಲ್ಲ. ನೀರಗಂಟಿ ವಾಲ್ವ್ ತಿರುಗಿಸುವ ವೇಳೆಯನ್ನು ಬೆಳಗ್ಗೆ ಕೂಲಿಗೆ ಹೊರಡುವ ಮುಂಚೆಗೋ ಸಂಜೆಗೋ ಗೊತ್ತುಮಾಡಿ ಬೋರ್ಡಿನಲ್ಲಿ ಬರೆದರೆ ಖರ್ಚಿಲ್ಲದೆ ಅರ್ಧ ತೊಂದರೆ ಕಳೆಯಬಹುದು. ಕುಡಿಯುವುದು, ಕೈ ತೊಳೆಯುವುದು ಎರಡೂ ಏರಿದ್ದರೆ ವೇಳಾಪಟ್ಟಿಯಿಂದ ಆಗುವುದಿಲ್ಲ, ಮೂಲದಲ್ಲೇ ನೀರಿಲ್ಲ. ಟ್ಯಾಂಕರ್, ಹೊಸ ಮೂಲ, ತೋಟದವರ ಜೊತೆ ಹಳ್ಳದ ನೀರಿನ ಹಂಚಿಕೆ, ಇಂಥ ಮಾತಿಗೆ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯನ್ನು ಕೂರಿಸಬೇಕು.

ಮುಂದಿನ ವರ್ಷ ಹೋಲಿಸಬೇಕೆಂದರೆ ಅದೇ ತಿಂಗಳು, ಅದೇ ಪ್ರಶ್ನೆ, ಸಾಧ್ಯವಾದರೆ ಅದೇ ಮನೆಗಳು. ಬೇರೆ ಮನೆಗಳನ್ನು ಆರಿಸಿದರೆ 35ರಿಂದ 30ಕ್ಕೆ ಇಳಿದದ್ದು ಸುಧಾರಣೆಯೋ ಮನೆಗಳ ಆಯ್ಕೆಯ ಆಟವೋ ಎಂದು ಹೇಳಲು 180 ಮನೆ ಸಾಲದು. ಹಾಗಾಗಿ ಈ ವರ್ಷವೇ ಮನೆಗಳಿಗೆ ಸಂಖ್ಯೆ ಕೊಟ್ಟು, ಸಂಖ್ಯೆಗೂ ಮನೆಗೂ ಇರುವ ಕೊಂಡಿಯನ್ನು ಬೇರೆ ಪುಸ್ತಕದಲ್ಲಿ ಬರೆದು ಸಂಸ್ಥೆಯಲ್ಲಿ ಬೀಗ ಹಾಕಿ ಇಡಿ. ಉತ್ತರಗಳ ಕಡತದಲ್ಲಿ ಸಂಖ್ಯೆ ಮಾತ್ರ ಇರಲಿ.